ಭುಜ ಪದೇ ಪದೇ ಜಾರುತ್ತಿದೆಯೇ? ಆಪರೇಶನ್ ಅರ್ಧ, ಆರೈಕೆ ಇನ್ನರ್ಧ



ಒಂದು ಸಂಘದ ವಾರದ ಸಭೆಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಚಾಪೆ ಮಡಚುತ್ತಿದ್ದರು. ಚಾಪೆಗಳನ್ನು ಅಟ್ಟದ ಮೇಲೆ ಇಡಬೇಕಿತ್ತು. ಹತ್ತಿರ ನಿಂತಿದ್ದ ಒಬ್ಬ ಸದಸ್ಯೆಗೆ "ಸ್ವಲ್ಪ ಎತ್ತಿಡಮ್ಮಾ" ಅಂದೆ. ಅವರು ಕೈ ಎತ್ತಲಿಲ್ಲ. ಚಾಪೆಯನ್ನು ಸುಮ್ಮನೆ ಪಕ್ಕದವರಿಗೆ ದಾಟಿಸಿದರು. "ಇವಳು ಯಾವಾಗಲೂ ಹೀಗೇ ಸಿಸ್ಟರ್, ಶ್ರಮದಾನಕ್ಕೆ ಬಂದ್ರೂ ಬುಟ್ಟಿ ಎತ್ತೋದಿಲ್ಲ" ಅಂತ ಯಾರೋ ನಕ್ಕರು. ಉಳಿದವರೂ ನಕ್ಕರು. ನಿಜ ಹೇಳಬೇಕೆಂದರೆ ನಾನೂ ಹಾಗೇ ತಿಳಿದುಕೊಂಡಿದ್ದೆ, ಇವರು ಸ್ವಲ್ಪ ಸೋಮಾರಿ ಅಂತ.

ಎಲ್ಲರೂ ಹೋದ ಮೇಲೆ ಅವರು ನನ್ನ ಹತ್ತಿರ ಬಂದರು. "ಸಿಸ್ಟರ್, ಬಲಗೈ ಮೇಲೆತ್ತಿದರೆ ಭುಜ ಜಾರುತ್ತೆ. ಎರಡು ವರ್ಷದಲ್ಲಿ ಆರು ಸಲ ಜಾರಿದೆ. ಮೊದಲು ಪಾಚಿ ಕಲ್ಲಿನ ಮೇಲೆ ಕಾಲು ಜಾರಿ ಕೈ ಊರಿ ಬಿದ್ದಾಗ. ಆಮೇಲೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಿದ್ದೆ, ಬ್ರೇಕ್ ಹಾಕಿದಾಗ ಇನ್ನೊಂದು ಸಲ. ಈಗ ಬಟ್ಟೆ ಒಣಗಿಸೋಕೆ ಕೈ ಎತ್ತಿದರೂ ಸಾಕು. ಮಗಳಿಗೆ ಜಡೆ ಹಾಕೋದೂ ಎಡಗೈಯಲ್ಲೇ. ಯಾರಿಗೆ ಅಂತ ಹೇಳಲಿ? ಹೊರಗಿನಿಂದ ನೋಡಿದರೆ ಕೈ ಸರಿಯಾಗೇ ಇದೆಯಲ್ಲ" ಅಂದರು.

ಆ ದಿನ ನನಗೆ ನಾಚಿಕೆಯಾಯಿತು. ಸಮಾಜಸೇವೆ ಓದಿದ ನಾನೇ ಕಣ್ಣಿಗೆ ಕಾಣದ ನೋವನ್ನು ಸೋಮಾರಿತನ ಎಂದು ಎಣಿಸಿದ್ದೆ. ಆಮೇಲೆ ಅವರ ಜೊತೆ ಆಸ್ಪತ್ರೆಗೆ ಓಡಾಡಿದೆ. ಮೂಳೆ ಡಾಕ್ಟರು ಮತ್ತು ಫಿಸಿಯೋಥೆರಪಿಯವರು ತಾಳ್ಮೆಯಿಂದ ವಿವರಿಸಿದ್ದನ್ನು ಕೇಳಿ ಕಲಿತೆ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ.

ಭುಜದ ಕೀಲು ಹೇಗಿದೆ?

ನಮ್ಮ ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ತಿರುಗುವ ಕೀಲು ಭುಜ. ಮೇಲೆ, ಕೆಳಗೆ, ಹಿಂದೆ, ಮುಂದೆ, ಸುತ್ತಲೂ ಕೈ ಆಡಿಸಬಹುದು. ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆ ಇದೆ. ಅತಿ ಹೆಚ್ಚು ಸಲ ಜಾರುವ ಕೀಲೂ ಇದೇ.

ಸೊಂಟದ ಕೀಲಿನಲ್ಲಿ ತೊಡೆ ಮೂಳೆಯ ಉಂಡೆ ಆಳವಾದ ಬಟ್ಟಲಿನಲ್ಲಿ ಕುಳಿತಿದೆ. ಒರಳಿನೊಳಗೆ ಗುಂಡುಕಲ್ಲು ಕೂತ ಹಾಗೆ. ಅದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಭುಜದಲ್ಲಿ ಹಾಗಿಲ್ಲ. ರಟ್ಟೆ ಮೂಳೆಯ ತುದಿಯಲ್ಲಿ ದೊಡ್ಡ ಉಂಡೆ ಇದೆ, ಆದರೆ ಅದು ಕೂರುವ ಜಾಗ ಚಿಕ್ಕ ತಟ್ಟೆಯ ಹಾಗೆ ಚಪ್ಪಟೆ. ಉಂಡೆಯ ಸುಮಾರು ಮೂರನೇ ಒಂದು ಭಾಗ ಮಾತ್ರ ತಟ್ಟೆಗೆ ತಾಗಿಕೊಂಡಿರುತ್ತದೆ. ಪುಟ್ಟ ಸಾಸರಿನ ಮೇಲೆ ಮೋಸಂಬಿ ಇಟ್ಟ ಹಾಗೆ ಅಂದುಕೊಳ್ಳಿ.

ಹಾಗಾದರೆ ಅದು ಬೀಳದೆ ನಿಲ್ಲುವುದು ಹೇಗೆ? ಮೂರು ಕಾವಲುಗಳಿವೆ. ಒಂದು, ತಟ್ಟೆಯ ಸುತ್ತ ರಬ್ಬರಿನಂಥ ಮೆತ್ತನೆಯ ಅಂಚು. ಇದು ತಟ್ಟೆಯನ್ನು ಸ್ವಲ್ಪ ಆಳ ಮಾಡುತ್ತದೆ. ಎರಡು, ಕೀಲಿನ ಸುತ್ತ ಇರುವ ಚೀಲ ಮತ್ತು ಅದರಲ್ಲಿರುವ ಗಟ್ಟಿ ಪಟ್ಟಿಗಳು. ಮೂರು, ಸುತ್ತಲಿನ ಸ್ನಾಯುಗಳು. ಈ ಸ್ನಾಯುಗಳು ನಾಲ್ಕು ಕಡೆಯಿಂದ ಹಗ್ಗ ಎಳೆದು ಕಟ್ಟಿದ ಹಾಗೆ ಉಂಡೆಯನ್ನು ತಟ್ಟೆಗೆ ಒತ್ತಿ ಹಿಡಿಯುತ್ತವೆ.

ಒಮ್ಮೆ ಜಾರಿದ್ದು ಮತ್ತೆ ಯಾಕೆ ಜಾರುತ್ತೆ?

ಕೈ ಊರಿ ಬಿದ್ದಾಗ, ಅಥವಾ ಎತ್ತಿದ ಕೈ ಹಿಂದಕ್ಕೆ ಸೆಳೆದಾಗ, ಉಂಡೆ ತಟ್ಟೆಯಿಂದ ಹೊರಗೆ ಹಾರುತ್ತದೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಅದು ಮುಂದಿನ ಕಡೆಗೇ ಜಾರುತ್ತದೆ. ಹಾಗೆ ಜಾರುವಾಗ ತಟ್ಟೆಯ ಮುಂದಿನ ಅಂಚನ್ನು ಕಿತ್ತುಕೊಂಡೇ ಹೋಗುತ್ತದೆ. ಹೊರಗೆ ಬಂದ ಉಂಡೆಯ ಹಿಂಭಾಗ ತಟ್ಟೆಯ ತುದಿಗೆ ಬಡಿದು ಅಲ್ಲೊಂದು ಗುಳಿ ಬೀಳುತ್ತದೆ.

ಡಾಕ್ಟರು ಉಂಡೆಯನ್ನು ಮತ್ತೆ ಕೂರಿಸುತ್ತಾರೆ, ನೋವು ಇಳಿಯುತ್ತದೆ. "ಸರಿಹೋಯ್ತು" ಅಂತ ನಾವು ತಿಳಿಯುತ್ತೇವೆ. ಆದರೆ ಕಿತ್ತುಹೋದ ಅಂಚು ಅನೇಕರಲ್ಲಿ ತನ್ನ ಹಳೆಯ ಜಾಗಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಏರಿ ಒಡೆದ ಗದ್ದೆಯ ಹಾಗೆ. ನೀರು ಅದೇ ಜಾಗದಲ್ಲಿ ನುಗ್ಗುತ್ತದೆ, ಪ್ರತಿ ಸಲ ನುಗ್ಗಿದಾಗ ಇನ್ನಷ್ಟು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಭುಜದಲ್ಲೂ ಹೀಗೇ. ಪ್ರತಿ ಸಲ ಜಾರಿದಾಗ ತಟ್ಟೆಯ ಮುಂದಿನ ಮೂಳೆ ಸವೆಯುತ್ತದೆ, ಉಂಡೆಯ ಗುಳಿ ದೊಡ್ಡದಾಗುತ್ತದೆ. ಮೊದಲು ಜಾರಲು ಜೋರಾಗಿ ಬೀಳಬೇಕಿತ್ತು. ಆಮೇಲೆ ಬಸ್ಸಿನ ಕಂಬಿ ಸಾಕು. ಕೊನೆಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಸಾಕು.

ವಯಸ್ಸೂ ಮುಖ್ಯ. ಇಪ್ಪತ್ತರ ಆಸುಪಾಸಿನಲ್ಲಿ ಮೊದಲ ಸಲ ಜಾರಿದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಜಾರುತ್ತದೆ. ಕಬಡ್ಡಿ, ವಾಲಿಬಾಲ್ ಆಡುವ ನಮ್ಮ ಮನೆ ಹುಡುಗರಲ್ಲಿ ಇದು ಬಹಳ ಸಾಮಾನ್ಯ. ನಲವತ್ತು ದಾಟಿದವರಲ್ಲಿ ಮತ್ತೆ ಜಾರುವುದು ಕಡಿಮೆ. ಆದರೆ ಅವರಿಗೆ ಬೇರೆ ಅಪಾಯ ಇದೆ. ಕೈ ಎತ್ತುವ ಸ್ನಾಯುವಿನ ತುದಿಯೇ ಹರಿದಿರಬಹುದು. ಆದ್ದರಿಂದ ವಯಸ್ಸಾದ ಅಮ್ಮಂದಿರಿಗೆ ಭುಜ ಜಾರಿ, ಕೂರಿಸಿ ಎರಡು ಮೂರು ವಾರವಾದರೂ ಕೈ ಎತ್ತಲು ಬಾರದಿದ್ದರೆ "ವಯಸ್ಸಾಯ್ತು, ಹಾಗೇ" ಅನ್ನಬೇಡಿ. ಮತ್ತೆ ಡಾಕ್ಟರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ನೋವಾಗಿ ಬಿಗಿದುಕೊಳ್ಳುವುದು ಬೇರೆ ಕಾಯಿಲೆ. ಅದು ಜಾರುವುದಲ್ಲ, ಗಟ್ಟಿಯಾಗುವುದು. ಎರಡಕ್ಕೂ ಒಂದೇ ಎಣ್ಣೆ, ಒಂದೇ ಕಟ್ಟು ಅಂತ ಮಾಡಬಾರದು.

ಇನ್ನೂ ಎರಡು ಕಾರಣಗಳನ್ನು ಮುಚ್ಚಿಡದೆ ಹೇಳಬೇಕು. ಒಂದು ಮೂರ್ಛೆ ರೋಗ, ಅಂದರೆ ಫಿಟ್ಸ್. ಫಿಟ್ಸ್ ಬಂದಾಗ ಸ್ನಾಯುಗಳು ಬಿಗಿದು ಭುಜ ಜಾರಬಹುದು. ಅಂಥವರು ಮೊದಲು ಫಿಟ್ಸ್ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ಫಿಟ್ಸ್ ಹತೋಟಿಗೆ ಬಾರದಿದ್ದರೆ ಆಪರೇಶನ್ ಮಾಡಿದ ಭುಜವೂ ಕೆಡಬಹುದು. ಇನ್ನೊಂದು, ಮನೆಯೊಳಗಿನ ಹೊಡೆತ. ಕೈ ತಿರುಚಿದರೆ, ಜೋರಾಗಿ ಎಳೆದರೆ ಭುಜ ಜಾರುತ್ತದೆ. ಆಸ್ಪತ್ರೆಯಲ್ಲಿ ಮಾತ್ರ "ಬಚ್ಚಲಲ್ಲಿ ಬಿದ್ದೆ" ಅಂತ ಹೇಳುತ್ತೇವೆ. ಸಹೋದರಿಯರೇ, ಡಾಕ್ಟರಿಗೆ ನಿಜ ಹೇಳಿ. ಎಳೆಯುವ ಕೈ ಮನೆಯಲ್ಲೇ ಇದ್ದರೆ ಯಾವ ಆಪರೇಶನ್ನೂ ನಿಲ್ಲುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ನಿಮ್ಮ ಪರವಾಗಿದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು, ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಬಹುದು.

ಜಾರಿದ ಕೂಡಲೇ ಏನು ಮಾಡಬೇಕು?

1. ಕೈಯನ್ನು ಯಾವ ಭಂಗಿಯಲ್ಲಿ ನೋವು ಕಡಿಮೆಯೋ ಅದೇ ಭಂಗಿಯಲ್ಲಿ ಇಡಿ. ಕೈ ಮತ್ತು ಎದೆಯ ನಡುವೆ ಮಡಚಿದ ಟವೆಲ್ ಅಥವಾ ಸಣ್ಣ ದಿಂಬು ಕೊಟ್ಟು, ಹಳೆ ಸೀರೆಯ ಬಟ್ಟೆಯಿಂದ ಕತ್ತಿಗೆ ಜೋಳಿಗೆ ಕಟ್ಟಿ.

2. ಯಾರೂ ಎಳೆಯಬೇಡಿ, ತಿರುಚಬೇಡಿ, ತಿಕ್ಕಬೇಡಿ. ಮೂಳೆ ಮುರಿದಿದೆಯೋ ಇಲ್ಲವೋ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಕಂಕುಳಿನ ಹತ್ತಿರ ನರಗಳೂ ರಕ್ತನಾಳಗಳೂ ಹಾದುಹೋಗುತ್ತವೆ. ಜೋರಾಗಿ ಎಳೆದರೆ ಅವು ಹಾಳಾಗಬಹುದು.

3. ಬಳೆ, ಉಂಗುರ ಕೂಡಲೇ ತೆಗೆಯಿರಿ. ಕೈ ಊದಿಕೊಂಡರೆ ಆಮೇಲೆ ಬರುವುದಿಲ್ಲ.

4. ಊಟ, ಕಾಫಿ ಕೊಡಬೇಡಿ. ಕೂರಿಸುವಾಗ ಮಂಪರು ಬರಿಸುವ ಔಷಧಿ ಕೊಡಬೇಕಾಗಬಹುದು, ಆಗ ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು.

5. ಎಕ್ಸ್‌ರೇ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಬೇಕಾದರೆ 108 ಆಂಬುಲೆನ್ಸ್ ಕರೆಯಿರಿ. ಭುಜದ ಹೊರಮೈ ಜೋಮು ಹಿಡಿದಿದ್ದರೆ, ಬೆರಳು ತಣ್ಣಗಾಗಿದ್ದರೆ ಅಥವಾ ಆಡಿಸಲು ಆಗದಿದ್ದರೆ ಒಂದು ಗಳಿಗೆಯೂ ತಡ ಮಾಡಬೇಡಿ.

ನಾಟಿ ವೈದ್ಯರ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ. ಆಂಧ್ರದ ಪುತ್ತೂರಿನ ಕಟ್ಟು ನಮ್ಮ ಕಡೆಯೂ ಹೆಸರಾಗಿದೆ. ಊರೂರಲ್ಲಿ ಮೂಳೆ ಕಟ್ಟುವವರಿದ್ದಾರೆ. ಹಿರಿಯರನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಹೊರಗೆ ಕಟ್ಟಿದ ಕಟ್ಟು ಒಳಗೆ ಕಿತ್ತುಹೋದ ಅಂಚನ್ನು ಹೊಲಿಯಲಾರದು, ಸವೆದ ಮೂಳೆಯನ್ನು ತುಂಬಲಾರದು. ನಮ್ಮ ಈ ಸಹೋದರಿ ಆರರಲ್ಲಿ ನಾಲ್ಕು ಸಲ ಕಟ್ಟಿಸಿಕೊಂಡೇ ಬಂದಿದ್ದರು. ಆ ಎರಡು ವರ್ಷದಲ್ಲಿ ಒಂದೇ ಒಂದು ಎಕ್ಸ್‌ರೇ ಇರಲಿಲ್ಲ.

ಎಲ್ಲರಿಗೂ ಆಪರೇಶನ್ ಬೇಕಾ?

ಬೇಡ. ಮೊದಲ ಸಲ ಜಾರಿದ ಹೆಚ್ಚಿನವರಿಗೆ ಕೀಲು ಕೂರಿಸಿ, ಒಂದರಿಂದ ಮೂರು ವಾರ ಜೋಳಿಗೆಯಲ್ಲಿಟ್ಟು, ಆಮೇಲೆ ವ್ಯಾಯಾಮದಿಂದ ಸ್ನಾಯು ಗಟ್ಟಿ ಮಾಡಿಸುತ್ತಾರೆ. ಹುಟ್ಟಿನಿಂದಲೇ ಎಲ್ಲ ಕೀಲುಗಳೂ ಸಡಿಲ ಇರುವವರಿಗೂ ಮೊದಲ ಮದ್ದು ವ್ಯಾಯಾಮವೇ.

ಆಪರೇಶನ್ ಬಗ್ಗೆ ಯೋಚಿಸಬೇಕಾದವರು ಯಾರು? ಎರಡು, ಮೂರು ಸಲ ಜಾರಿದವರು. ವ್ಯಾಯಾಮ ಮಾಡಿದರೂ "ಈಗ ಜಾರುತ್ತೆ" ಎಂಬ ಭಯ ಹೋಗದವರು. ಮೂಳೆಯ ಅಂಚೇ ಒಡೆದವರು. ಎಳೆಯ ವಯಸ್ಸಿನ ಆಟಗಾರರಿಗೆ ಕೆಲವೊಮ್ಮೆ ಮೊದಲ ಸಲಕ್ಕೇ ಡಾಕ್ಟರು ಸಲಹೆ ಕೊಡುತ್ತಾರೆ.

ತೀರ್ಮಾನಕ್ಕೆ ಮೊದಲು ಎಕ್ಸ್‌ರೇ, ಅಂಚು ಹರಿದಿದೆಯೇ ಎಂದು ನೋಡಲು ಎಂ.ಆರ್.ಐ. ಸ್ಕ್ಯಾನ್, ಮೂಳೆ ಎಷ್ಟು ಸವೆದಿದೆ ಎಂದು ಅಳೆಯಲು ಸಿ.ಟಿ. ಸ್ಕ್ಯಾನ್ ಬೇಕಾಗಬಹುದು. ಯಾವ ಆಪರೇಶನ್ ಎಂಬುದು ಈ ಅಳತೆಯ ಮೇಲೆ ನಿಂತಿದೆ.

ಇಲ್ಲಿ ಒಂದು ಕಿವಿಮಾತು. ಉಳಿತಾಯಕ್ಕೆ ಪಾಸ್‌ಬುಕ್ ಇಟ್ಟ ಹಾಗೆ ಭುಜಕ್ಕೂ ಒಂದು ಪುಸ್ತಕ ಇಡಿ. ಯಾವ ದಿನ ಜಾರಿತು, ಏನು ಮಾಡುವಾಗ, ತಾನಾಗಿ ಕೂತಿತೋ, ಯಾರು ಕೂರಿಸಿದರು, ಇಷ್ಟು ಬರೆದಿಡಿ. ಎಕ್ಸ್‌ರೇ, ಚೀಟಿ ಎಲ್ಲಾ ಒಂದೇ ಚೀಲದಲ್ಲಿರಲಿ. ಡಾಕ್ಟರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಆಪರೇಶನ್‌ನಲ್ಲಿ ಏನು ಮಾಡುತ್ತಾರೆ?

ಜಾರುವ ಭುಜ ಹೊಸ ಕಾಯಿಲೆ ಅಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸ್ ದೇಶದ ವೈದ್ಯ ಹಿಪೊಕ್ರೆಟಿಸ್ ಹೆಸರಿನಲ್ಲಿರುವ ಬರಹದಲ್ಲೇ ಇದರ ಮಾತಿದೆ. ಆಗ ಕಂಕುಳಿನಲ್ಲಿ ಕಾದ ಕಬ್ಬಿಣದಿಂದ ಸುಡುತ್ತಿದ್ದರು. ಸುಟ್ಟ ಗಾಯ ಮಾಯುವಾಗ ಬಿಗಿಯಾಗಿ ಭುಜ ಜಾರದಿರಲಿ ಎಂದು. ನಮ್ಮ ಹಳ್ಳಿಗಳಲ್ಲಿ ಬರೆ ಹಾಕುತ್ತಿದ್ದುದು ನೆನಪಾಗುತ್ತದೆ, ಅಲ್ವಾ?

ಈಗ ಮಾಡುವ ಮುಖ್ಯ ಆಪರೇಶನ್‌ಗಳು ಎರಡು.

ಮೊದಲನೆಯದು ಅಂಚು ಹೊಲಿಯುವುದು. ಮುಂದಿನ ಅಂಚು ಕಿತ್ತುಹೋಗುವುದೇ ಮತ್ತೆ ಮತ್ತೆ ಜಾರಲು ಕಾರಣ ಎಂದು ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ಬರೆದರು. ಅವರ ಹೆಸರಿನಲ್ಲೇ ಇದನ್ನು ಬ್ಯಾಂಕಾರ್ಟ್ ಆಪರೇಶನ್ ಎನ್ನುತ್ತಾರೆ. ಈಗ ಇದನ್ನು ಹೆಚ್ಚಾಗಿ ಸಣ್ಣ ಸಣ್ಣ ರಂಧ್ರಗಳ ಮೂಲಕ ಮಾಡುತ್ತಾರೆ. ಒಂದರಲ್ಲಿ ಪೆನ್ಸಿಲ್ ದಪ್ಪದ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ. ತಟ್ಟೆಯ ಮೂಳೆಗೆ ದಾರ ಇರುವ ಪುಟ್ಟ ಗೂಟಗಳನ್ನು ಕೂರಿಸಿ, ಆ ದಾರದಿಂದ ಹರಿದ ಅಂಚನ್ನೂ ಸಡಿಲವಾದ ಚೀಲವನ್ನೂ ಎಳೆದು ಕಟ್ಟುತ್ತಾರೆ. ಈ ಗೂಟಗಳಿಗೆ ಆಸ್ಪತ್ರೆಯಲ್ಲಿ 'ಆಂಕರ್' ಎನ್ನುತ್ತಾರೆ. ಉಂಡೆಯ ಹಿಂದಿನ ಗುಳಿ ದೊಡ್ಡದಿದ್ದರೆ ಪಕ್ಕದ ಸ್ನಾಯುವಿನ ತುದಿಯನ್ನು ಆ ಗುಳಿಗೆ ಹೊಲಿದು ತುಂಬುವುದೂ ಉಂಟು.

ಎರಡನೆಯದು ಮೂಳೆ ಕೂರಿಸುವುದು. ತಟ್ಟೆಯ ಮುಂದಿನ ಮೂಳೆ ಐದನೇ ಒಂದು ಭಾಗಕ್ಕೋ ಕಾಲು ಭಾಗಕ್ಕೋ ಹತ್ತಿರ ಸವೆದಿದ್ದರೆ ಹೊಲಿದರೆ ಸಾಲದು. ಕೆರೆ ಏರಿಯ ಮಣ್ಣೇ ಕೊಚ್ಚಿ ಹೋದ ಮೇಲೆ ಬರೀ ಮೇಲೆ ಸಾರಿಸಿದರೆ ನಿಲ್ಲುತ್ತದೆಯೇ? ಆಗ ಭುಜದ ಮುಂದೆ ಕಾಗೆ ಕೊಕ್ಕಿನಂತೆ ಚಾಚಿರುವ ಒಂದು ಸಣ್ಣ ಮೂಳೆಯ ತುಂಡನ್ನು, ಅದಕ್ಕೆ ಅಂಟಿದ ಸ್ನಾಯುವಿನ ಸಮೇತ ತೆಗೆದು, ಸವೆದ ಜಾಗಕ್ಕೆ ಸಾಮಾನ್ಯವಾಗಿ ಎರಡು ಸ್ಕ್ರೂ ಹಾಕಿ ಕೂರಿಸುತ್ತಾರೆ. ತಟ್ಟೆ ದೊಡ್ಡದಾಗುತ್ತದೆ. ಕೈ ಎತ್ತಿದಾಗ ಆ ಸ್ನಾಯು ಮುಂದೆ ಬೆಲ್ಟಿನಂತೆ ತಡೆಯುತ್ತದೆ. ಇದನ್ನು 1954ರಲ್ಲಿ ಫ್ರಾನ್ಸಿನ ಲಾಟರ್ಜೆ ಎಂಬ ವೈದ್ಯರು ವಿವರಿಸಿದರು. ನಮ್ಮ ಸಹೋದರಿಗೆ ಆದದ್ದು ಇದೇ. ಆರು ಸಲ ಜಾರಿ ಜಾರಿ ಮೂಳೆ ಸವೆದುಹೋಗಿತ್ತು. "ಇನ್ನೂ ಮೊದಲೇ ಬಂದಿದ್ದರೆ ಹೊಲಿಗೆಯಲ್ಲೇ ಮುಗಿಯುತ್ತಿತ್ತೇನೋ" ಅಂದರು ಡಾಕ್ಟರು.

ನೂರಕ್ಕೆ ನೂರು ಖಾತ್ರಿ ಯಾವ ಆಪರೇಶನ್‌ಗೂ ಇಲ್ಲ. ಕೀವು ಆಗುವುದು, ಭುಜ ಬಿಗಿಯುವುದು, ನರಕ್ಕೆ ಪೆಟ್ಟು, ಸ್ಕ್ರೂ ಸಡಿಲವಾಗುವುದು, ಮತ್ತೆ ಜಾರುವುದು, ಇವೆಲ್ಲ ಕೆಲವರಿಗೆ ಆಗುತ್ತವೆ. ಮೂಳೆ ಕೂರಿಸಿದವರಲ್ಲಿ ಮತ್ತೆ ಜಾರುವುದು ಕಡಿಮೆ, ಆದರೆ ಆಪರೇಶನ್ ಹೆಚ್ಚು ಸೂಕ್ಷ್ಮ. ಸಹಿ ಹಾಕುವ ಮೊದಲು ಡಾಕ್ಟರನ್ನು ಕೇಳಿ. ಕೇಳುವುದು ನಮ್ಮ ಹಕ್ಕು.

ಆಪರೇಶನ್ ನಂತರ: ಆರು ತಿಂಗಳ ಲೆಕ್ಕ

ಆಪರೇಶನ್ ಒಂದೆರಡು ಗಂಟೆಯ ಕೆಲಸ. ಭುಜ ಮತ್ತೆ ಕೆಲಸಕ್ಕೆ ಬರುವುದು ತಿಂಗಳುಗಳ ಕೆಲಸ. ಹೊಲಿದದ್ದು ಅಂಟಬೇಕು, ಮೂಳೆ ಕೂಡಬೇಕು, ಸ್ನಾಯು ಗಟ್ಟಿಯಾಗಬೇಕು. ಕೆಳಗಿನದು ಸಾಮಾನ್ಯ ಲೆಕ್ಕ ಮಾತ್ರ. ನಿಮ್ಮ ಡಾಕ್ಟರು ಹೇಳಿದ್ದೇ ಕೊನೆಯ ಮಾತು.

ಮೊದಲ 3ರಿಂದ 6 ವಾರ: ಹಗಲೂ ರಾತ್ರಿ ಜೋಳಿಗೆ. ಆದರೆ ಬೆರಳು, ಮಣಿಕಟ್ಟು, ಮೊಣಕೈಯನ್ನು ಮೊದಲ ದಿನದಿಂದಲೇ ಆಡಿಸಬೇಕು. ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಎತ್ತರದಲ್ಲಿ ಮಲಗಿ, ಮೊಣಕೈ ಕೆಳಗೂ ಒಂದು ದಿಂಬಿರಲಿ. ಮುಂದೆ ಹುಕ್ ಇರುವ ಸಡಿಲ ರವಿಕೆ ಅಥವಾ ನೈಟಿ ಅನುಕೂಲ. ಹಾಕುವಾಗ ಆಪರೇಶನ್ ಆದ ಕೈ ಮೊದಲು, ತೆಗೆಯುವಾಗ ಅದೇ ಕೈ ಕೊನೆಗೆ. ಮಗುವಿದ್ದರೆ ಆ ಕೈಯಲ್ಲಿ ಎತ್ತಿಕೊಳ್ಳಬೇಡಿ, ಬೇರೆಯವರು ಮಡಿಲಿಗೆ ತಂದು ಕೊಡಲಿ.

ಆಮೇಲೆ 6 ವಾರದವರೆಗೆ: ಡಾಕ್ಟರು ಹೇಳಿದಾಗ ಮುಂದೆ ಬಗ್ಗಿ ಕೈಯನ್ನು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗುವ ವ್ಯಾಯಾಮ. ಒಳ್ಳೆಯ ಕೈಯ ಸಹಾಯದಿಂದ, ಕೋಲು ಹಿಡಿದು ಕೈ ಎತ್ತುವುದು. ಒಂದು ಎಚ್ಚರಿಕೆ: ಎತ್ತಿದ ಕೈಯನ್ನು ಹೊರಗೆ, ಹಿಂದಕ್ಕೆ ತಿರುಗಿಸಬಾರದು. ತಲೆ ಬಾಚುವ, ಕಲ್ಲು ಎಸೆಯುವ ಭಂಗಿ ಅದು. ಭುಜ ಜಾರುವುದು ಅದೇ ಭಂಗಿಯಲ್ಲಿ.

6 ವಾರದಿಂದ 3 ತಿಂಗಳು: ಜೋಳಿಗೆ ಇರುವುದಿಲ್ಲ. ಕೈ ಎಲ್ಲ ಕಡೆ ನಿಧಾನವಾಗಿ ತಿರುಗಬೇಕು. ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ಹೋಗುವುದು, ಆಮೇಲೆ ರಬ್ಬರ್ ಪಟ್ಟಿ ಎಳೆಯುವುದು. ತರಕಾರಿ ಹೆಚ್ಚುವುದು, ಬರೆಯುವುದು, ಹಗುರ ಪಾತ್ರೆ ತೊಳೆಯುವುದು ಆಗುತ್ತದೆ. ತುಂಬಿದ ಬಿಂದಿಗೆ, ಬಟ್ಟೆ ಒಗೆದು ಹಿಂಡುವುದು, ಸೌದೆ ಒಡೆಯುವುದು ಬೇಡ.

3ರಿಂದ 6 ತಿಂಗಳು: ತೂಕ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು. ಮೂಳೆ ಕೂರಿಸಿದವರಿಗೆ ಮೂಳೆ ಕೂಡಿದೆಯೇ ಎಂದು ಎಕ್ಸ್‌ರೇ ಅಥವಾ ಸ್ಕ್ಯಾನ್ ನೋಡಿ ಒಪ್ಪಿಗೆ ಕೊಡುತ್ತಾರೆ. ಬಾವಿಯಿಂದ ನೀರು ಸೇದುವುದು, ತಲೆ ಮೇಲೆ ಹೊರೆ, ತೋಟದ ಭಾರದ ಕೆಲಸ, ಹುಡುಗರ ಕಬಡ್ಡಿ, ಇವೆಲ್ಲ ಆರು ತಿಂಗಳ ಹತ್ತಿರ, ಡಾಕ್ಟರು ಹೇಳಿದ ಮೇಲೆ.

ಜ್ವರ, ಗಾಯದಿಂದ ಕೀವು, ಕೈ ಜೋಮು, ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಮುಂದಿನ ತಾರೀಖಿಗೆ ಕಾಯದೆ ಕೂಡಲೇ ಹೋಗಿ.

ನಾವು ಮಾಡುವ ಎರಡು ತಪ್ಪುಗಳು

ಫಿಸಿಯೋಥೆರಪಿಯವರು ಹೇಳಿದ್ದು ಇದು. ಕೆಲವರು ಮೂರು ವಾರಕ್ಕೇ ಜೋಳಿಗೆ ಬಿಚ್ಚಿ ಒಲೆ ಮುಂದೆ ಕೂರುತ್ತಾರೆ, ಹೊಲಿದದ್ದು ಮತ್ತೆ ಹರಿಯುತ್ತದೆ. ಇನ್ನು ಕೆಲವರು ಹೆದರಿ ಆರು ವಾರ ಕಳೆದರೂ ಕೈ ಅಲ್ಲಾಡಿಸುವುದಿಲ್ಲ, ಭುಜ ಮರದ ಹಾಗೆ ಬಿಗಿಯುತ್ತದೆ. ಗಂಡಸರಿಗೆ ಆಪರೇಶನ್ ಆದರೆ ಮನೆಯವರೆಲ್ಲ ಸೇರಿ ಕೂರಿಸಿ ನೋಡಿಕೊಳ್ಳುತ್ತಾರೆ. ಹೆಂಗಸಿಗೆ ಆದರೆ "ಇನ್ನೊಂದು ಕೈ ಇದೆಯಲ್ಲ" ಅನ್ನುತ್ತಾರೆ. ನೀರು ತರಬೇಕು, ಅಡುಗೆ ಆಗಬೇಕು, ಕೂಲಿ ತಪ್ಪಬಾರದು. ವ್ಯಾಯಾಮಕ್ಕೆ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಅಂದರೆ "ಪುರುಸೊತ್ತು ಎಲ್ಲಿ ಸಿಸ್ಟರ್?" ಅಂತಾರೆ. ಆಪರೇಶನ್ ಕೆಡುವುದು ಹೆಚ್ಚಾಗಿ ಆಸ್ಪತ್ರೆಯಲ್ಲಿ ಅಲ್ಲ, ಅಡುಗೆಮನೆಯಲ್ಲಿ ಅಂತ ನನಗೆ ಅನ್ನಿಸುತ್ತದೆ.

ಖರ್ಚಿಗೆ ಏನು ದಾರಿ?

ಬಡ್ಡಿಗೆ ಸಾಲ ತರುವ ಮೊದಲು, ಓಲೆ ಅಡವಿಡುವ ಮೊದಲು ವಿಚಾರಿಸಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇಂಥ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ಬೇರೆ ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋದರೆ ಯೋಜನೆ ತಪ್ಪಿಹೋಗಬಹುದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ಅದು 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ನಿಮ್ಮ ಸಹಕಾರ ಸಂಘದ ಕಾರ್ಯದರ್ಶಿಯನ್ನು ಕೇಳಿ.

ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ಅವರನ್ನು ಮೂರು ಪ್ರಶ್ನೆ ಕೇಳಿ: ಈ ಆಪರೇಶನ್ ಯೋಜನೆಯಲ್ಲಿ ಇದೆಯೇ? ಆಂಕರ್, ಸ್ಕ್ರೂಗಳ ಬೆಲೆ ಅದರಲ್ಲೇ ಸೇರಿದೆಯೇ? ಸ್ಕ್ಯಾನ್ ಖರ್ಚು ಯಾರದು? ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಕಡೆ, ಮೂಳೆ ವಿಭಾಗ ಇದೆ. ಬೆಂಗಳೂರಿನಲ್ಲಿ ಮೂಳೆಗೆಂದೇ ಸಂಜಯ ಗಾಂಧಿ ಆಸ್ಪತ್ರೆ ಇದೆ. ಬಸ್ ಚಾರ್ಜು, ತಪ್ಪಿದ ಕೂಲಿ, ಇವು ಈ ಯೋಜನೆಗಳಲ್ಲಿ ಬರುವುದಿಲ್ಲ. ಅದಕ್ಕೇ ಸಂಘದ ಆಂತರಿಕ ಸಾಲ ಇರುವುದು.

ನಮ್ಮ ಸಂಘ ಏನು ಮಾಡಿತು?

ಆಪರೇಶನ್ ತಾರೀಖು ಸಿಕ್ಕಾಗ ಆ ಸಹೋದರಿ "ಬೇಡ ಸಿಸ್ಟರ್, ಆರು ತಿಂಗಳು ಕೈ ಇಲ್ಲದೆ ಮನೆ ನಡೆಯೋದು ಹೇಗೆ?" ಅಂದರು. ಆಪರೇಶನ್ ಅವರಿಗೆ ಭಯ ಇರಲಿಲ್ಲ, ಆಮೇಲಿನ ಆರು ತಿಂಗಳೇ ಭಯ. ಆ ವಾರದ ಸಭೆಯಲ್ಲಿ ಈ ವಿಷಯ ಇಟ್ಟೆವು. ಶ್ರಮದಾನದ ದಿನ ನಕ್ಕಿದ್ದವರೇ ಮೊದಲು ಎದ್ದು "ನೀರು ನಾನು ತರ್ತೀನಿ" ಅಂದರು. ಹದಿನಾಲ್ಕು ಮಂದಿ ಸರದಿ ಹಾಕಿಕೊಂಡರು. ನೀರು, ಸೌದೆ, ಬಟ್ಟೆ ಈ ಮೂರು ಕೆಲಸ ಹಂಚಿದರು. ಸಾಲದ ಕಂತನ್ನು ಮೂರು ತಿಂಗಳು ಮುಂದೂಡಿ ನಡಾವಳಿಯಲ್ಲಿ ಬರೆದರು. ಅತ್ತೆಯವರನ್ನೂ ಗಂಡನನ್ನೂ ಒಂದು ದಿನ ಫಿಸಿಯೋಥೆರಪಿಗೆ ಕರೆದುಕೊಂಡು ಹೋದೆವು. ಡಾಕ್ಟರ ಬಾಯಿಂದಲೇ ಕೇಳಿದ ಮೇಲೆ ಅತ್ತೆಯೇ ಗೋಡೆಗೆ ಗೆರೆ ಎಳೆದು, "ನಿನ್ನೆ ಇಲ್ಲಿವರೆಗೆ ಬಂದಿತ್ತು, ಇವತ್ತು ಎಲ್ಲಿ?" ಅಂತ ದಿನಾ ಕೇಳತೊಡಗಿದರು.

ಈಗ ಒಂದು ವರ್ಷ ದಾಟಿದೆ. ಭುಜ ಮತ್ತೆ ಜಾರಿಲ್ಲ. ಎತ್ತಿದ ಕೈ ಹೊರಗೆ ತಿರುಗುವುದು ಎಡಗೈಯಷ್ಟು ಇಲ್ಲ, ಸ್ವಲ್ಪ ಕಡಿಮೆ. ಮಳೆ ಚಳಿಯಲ್ಲಿ ನೋಯುತ್ತದೆ ಅಂತಾರೆ. ಬಸ್ಸಿನಲ್ಲಿ ಈಗಲೂ ಸೀಟಿನ ಹಿಡಿಕೆಯನ್ನೇ ಹಿಡಿಯುತ್ತಾರೆ, ಮೇಲಿನ ಕಂಬಿಯನ್ನಲ್ಲ. ಆದರೆ ಮಗಳ ಜಡೆ ಎರಡೂ ಕೈಯಲ್ಲಿ ಹಾಕುತ್ತಾರೆ. ಹೋದ ತಿಂಗಳ ಸಭೆಯಲ್ಲಿ ಯಾರೂ ಹೇಳದೆ ಅವರೇ ಚಾಪೆಗಳನ್ನು ಅಟ್ಟಕ್ಕೆ ಎತ್ತಿಟ್ಟರು. ಯಾರೂ ಏನೂ ಮಾತಾಡಲಿಲ್ಲ. ಎಲ್ಲರೂ ನೋಡಿದರು.

ಸಹೋದರಿಯರೇ, ಪದೇ ಪದೇ ಜಾರುವ ಭುಜ ಹಣೆಬರಹ ಅಲ್ಲ. ಬೇಗ ತೋರಿಸಿದಷ್ಟೂ ಮೂಳೆ ಉಳಿಯುತ್ತದೆ. ಆಪರೇಶನ್ ಅರ್ಧ ಕೆಲಸವನ್ನು ಡಾಕ್ಟರು ಮಾಡುತ್ತಾರೆ. ಉಳಿದರ್ಧ ವ್ಯಾಯಾಮ ಮಾಡುವವರದ್ದು, ಮತ್ತು ಅವರಿಗೆ ಪುರುಸೊತ್ತು ಮಾಡಿಕೊಡುವ ಮನೆಯವರದ್ದು, ಸಂಘದ್ದು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಅಥವಾ ಮನೆಯಲ್ಲಿ ಯಾರಿಗಾದರೂ ಭುಜ ಜಾರಿದೆಯೇ? ಎಷ್ಟು ಸಲ? ಎಕ್ಸ್‌ರೇ ಆಗಿದೆಯೇ?

2. ಯಾವ ಸದಸ್ಯೆಯನ್ನಾದರೂ ನಾವು "ಕೆಲಸ ಕಳ್ಳಿ" ಅಂದಿದ್ದೇವೆಯೇ? ಕಾರಣ ಏನೆಂದು ಕೇಳಿದ್ದೇವೆಯೇ?

3. ನಮ್ಮಲ್ಲಿ ಎಷ್ಟು ಮನೆಗಳಿಗೆ ಆರೋಗ್ಯ ಯೋಜನೆಯ ಕಾರ್ಡು ಇದೆ? ಇಲ್ಲದವರಿಗೆ ಮಾಡಿಸಲು ಯಾರು ಜೊತೆಗೆ ಹೋಗುತ್ತಾರೆ?

4. ಒಬ್ಬ ಸದಸ್ಯೆಗೆ ದೊಡ್ಡ ಆಪರೇಶನ್ ಆದರೆ ನೀರು, ಸೌದೆ, ಅಡುಗೆಗೆ ನಾವು ಸರದಿ ಹಾಕಿಕೊಳ್ಳಬಹುದೇ? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.